ಗೂಡಿನಲ್ಲಿ ಉಳಿದ ಮೀಸೆ

ನಂದಗುಡಿ, ಬುಧವಾರ

ದೊಡ್ಡಬಳ್ಳಾಪುರದ ಪವರ್‌ಲೂಮ್ ಚಕ್ರವರ್ತಿಗಳಾದ ಚಿಕ್ಕಪ್ಪನವರ ಪಾದಗಳಿಗೆ ಹರಿಣಿಯ ನಮಸ್ಕಾರ.

"ಎಕ್ಸಿಬಿಷನ್‌ಗೆ ಒಂದೂ ಆಯ್ಕೆ ಆಗದಿದ್ರೆ ಬಂದು ಮಗ್ಗ ನೋಡ್ಕೋ" ಅಂದಿದ್ರಲ್ಲ, ಬಚಾವಾದೆ! ಇಲ್ಲೇ ಉಳಿದು ಕೆಲಸ ಮಾಡೋ ಈ ಕುಂಬಾರಿಕೆ ರೆಸಿಡೆನ್ಸಿಯಲ್ಲಿ ತಿಂಗಳಿಡೀ ತಿದ್ದಿ ತೀಡಿದ ನನ್ನ ಮೂರು ಹೂಜಿಗಳೂ ನಿನ್ನೆ ಸುಡೋ ಗೂಡಿನಲ್ಲಿ ಸಿಡಿದು ಸ್ವರ್ಗಸ್ಥವಾದವು. ಉಳಿದಿದ್ದು ಅವುಗಳ ಕಾವಲಿಗೆ ಅಂತ ಜೊತೆಗಿಟ್ಟಿದ್ದ ದೃಷ್ಟಿಗೊಂಬೆ ಒಂದೇ. ಇಲ್ಲಿನ ಮೇಡಂ ಅದನ್ನ ನೋಡಿ, "ಯಾರಮ್ಮ ಈ ಮಹಾನುಭಾವರು? ಎಕ್ಸಿಬಿಷನ್ ಬಾಗಿಲಲ್ಲೇ ಇಡೋಣ" ಅಂದ್ರು. ಕ್ಷಮೆ ಇರಲಿ, ಆ ಕೆಂಗಣ್ಣು, ಮೂಗು, ಮೀಸೆ ಎಲ್ಲ ತಮ್ಮದೇ.

ಬೆರಳು ಚೂರು ಸುಟ್ಟಿತ್ತು, ವಾಸಿಯಾಗ್ತಿದೆ. ಅಮ್ಮನಿಗೆ ಈ ಸಾಲು ಓದಿ ಹೇಳ್ಬೇಡಿ. ಭಾನುವಾರ ಎಕ್ಸಿಬಿಷನ್‌ಗೆ ಎಲ್ಲರೂ ಬನ್ನಿ. ಅಲ್ಲೀವರೆಗೂ ದಯವಿಟ್ಟು ಮೀಸೆ ತೆಗೀಬೇಡಿ, ಮೇಡಂ ಅಸಲಿಯನ್ನ ನೋಡಬೇಕಂತೆ.

ನಿಮ್ಮ ಹರಿಣಿ