ದ್ರಾಕ್ಷಿ ತುಳಿದ ಊರು

ಇಟಲಿ ದೇಶ
(ಊರಿನ ಹೆಸರು ಬರೆದರೆ ಸೆನ್ಸಾರಿನವರು ಮಸಿ ಬಳಿಯುತ್ತಾರೆ)
೮ನೇ ಅಕ್ಟೋಬರ್ ೧೯೪೪

ಪ್ರೀತಿಯ ಮಂಗಳಾ,

ನೀನು, ಅವ್ವ, ಹಸು, ಅದರ ಕರು ಎಲ್ಲರೂ ಕ್ಷೇಮವಷ್ಟೆ? ಅವ್ವನ ಕೆಮ್ಮು ಹೇಗಿದೆ? ಮದ್ದೂರಿನಿಂದ ನೀನು ಬರೆದ ಕಾಗದ ತಲುಪಿತು. ಮೇ ತಿಂಗಳಲ್ಲಿ ಕಾಲಿಗೆ ಬಿದ್ದ ಪೆಟ್ಟು ಮಾಯಿತೇ ಎಂದು ಒಂದೇ ಕಾಗದದಲ್ಲಿ ಮೂರು ಸಲ ಕೇಳಿದ್ದೀಯೆ. ಗಾಯ ಮಾಯಿತು. ಮಿಕ್ಕದ್ದನ್ನು ಕಾಲ ಬಂದಾಗ ಹೇಳುತ್ತೇನೆ. ಕಾಲಿನ ವಿಷಯವಲ್ಲವೆ, ನಿಧಾನವಾಗಿ ನಡೆದು ಬರಲಿ.

ನಿನ್ನೆ ಆಸ್ಪತ್ರೆಯಿಂದ ಒಂದು ದಿನದ ರಜ ಸಿಕ್ಕಿತು. ನಮ್ಮ ಲಾರಿ ಓಡಿಸುವ ಹಮೀದ್, ಮಂಡ್ಯದ ಗುತ್ತಲಿನವನು, ಗುಡ್ಡದ ಮೇಲಿನ ಹಳೆಯ ಊರೊಂದಕ್ಕೆ ಕರೆದುಕೊಂಡು ಹೋದ. ಸುತ್ತ ಕಣ್ಣು ಹಾಯುವಷ್ಟೂ ದ್ರಾಕ್ಷಿತೋಟ. ಮಂಜು ಇನ್ನೂ ಕರಗಿರಲಿಲ್ಲ. ಕಲ್ಲುಮನೆಗಳೆಲ್ಲ ನೆಲ ಬಿಟ್ಟು ತೇಲುತ್ತಿರುವಂತೆ, ಊರಿಗೆ ಊರೇ ನಿದ್ದೆಯಲ್ಲಿ ಯಾರನ್ನೋ ನೆನೆಯುತ್ತಿರುವಂತೆ ಇತ್ತು. ಬೀದಿಗಳು ಎಷ್ಟು ಇಕ್ಕಟ್ಟೆಂದರೆ, ನೀನೂ ನಾನೂ ಜೊತೆಯಾಗಿ ನಡೆದರೆ ಎದುರಿಗೆ ಬಂದವರು ಹಿಂದಕ್ಕೆ ಹೋಗಬೇಕು. ಜೊತೆಯಾಗಿ ಎಂದೆನೆಂದು ನಗಬೇಡ. ಸಂತೆಗೆ ನಾನು ಬೀಸುಹೆಜ್ಜೆ ಹಾಕಿಕೊಂಡು ಮುಂದೆ ಹೋಗುವಾಗಲೆಲ್ಲ ನೀನು ಹಿಂದಿನಿಂದ ಕೂಗುತ್ತಿದ್ದದ್ದು ಇಲ್ಲಿಗೂ ಕೇಳಿಸುತ್ತದೆ: “ವಸಿ ನಿಂತ್ಕಳಿ ಅಂದ್ರೆ! ನಾನೇನ್ ಗಾಡಿ ಹಿಂದ್ಲ ನಾಯಾ?”

ಚರ್ಚಿನ ಗಂಟೆಗೋಪುರ ಅಲ್ಲಿನವರ ಮುತ್ತಾತನ ಮುತ್ತಾತಂದಿರು ಕಟ್ಟಿದ್ದಂತೆ. ಫಿರಂಗಿ ಗುಂಡು ತಗುಲಿ ಅದರ ಒಂದು ಮೂಲೆಯೇ ಹಾರಿಹೋಗಿದೆ. ಊರಿನವರು ಅದನ್ನು ಕೆಡವಲಿಲ್ಲ. ಮರದ ತೊಲೆಗಳನ್ನು ಆಸರೆಗೆ ಕೊಟ್ಟು ನಿಲ್ಲಿಸಿಕೊಂಡಿದ್ದಾರೆ. ಗಂಟೆ ಈಗಲೂ ಮೊಳಗುತ್ತದೆ, ದನಿ ಮಾತ್ರ ಸ್ವಲ್ಪ ಸೊಟ್ಟ. ನಾನು ಅದರ ಕೆಳಗೆ ಬಹಳ ಹೊತ್ತು ನಿಂತಿದ್ದೆ.

ಪಕ್ಕದ ಮನೆಯ ಕಮಾನಿನಡಿಯಲ್ಲಿ ದೊಡ್ಡದೊಂದು ಮರದ ತೊಟ್ಟಿ. ಅದರೊಳಗೆ ಹೆಂಗಸರು ಲಂಗ ಎತ್ತಿಕಟ್ಟಿ ದ್ರಾಕ್ಷಿ ತುಳಿಯುತ್ತಿದ್ದರು. ಮನೆಯೊಡತಿ ಮುದುಕಿ ನನ್ನನ್ನೂ ಕೈಹಿಡಿದು ಕರೆದಳು. ತಿನ್ನುವ ಪದಾರ್ಥವನ್ನು ತುಳಿಯುವುದೆ! ರಾಗಿ ಕಣಕ್ಕೆ ಇಳಿಯುವ ಮುಂಚೆ ಅವ್ವ ಮಾಡಿಸುತ್ತಿದ್ದಳಲ್ಲ, ಹಾಗೆ ಬಗ್ಗಿ ಹಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಆಮೇಲೆ ಹಮೀದ್ ಹೆಗಲು ಕೊಟ್ಟು ತೊಟ್ಟಿಗೆ ಇಳಿಸಿದ. ಮುದುಕಿಗೆ ಅದೇನೆನ್ನಿಸಿತೋ, ತಾನೂ ಮುಟ್ಟಿ ಕಣ್ಣಿಗೊತ್ತಿಕೊಂಡಳು. ತುಳಿಯುತ್ತಿದ್ದ ಅವಳ ಸೊಸೆಯರೂ ಸಾಲಾಗಿ ಹಾಗೇ ಮಾಡಿದರು. ಹಮೀದ್ ನಕ್ಕೂ ನಕ್ಕೂ ಹೇಳಿದ: “ಅಣ್ಣೋ, ಯುದ್ದ ಇನ್ನೂ ಮುಗ್ದಿಲ್ಲ, ನೀವಾಗ್ಲೇ ಒಂದೂರ್ ಗೆದ್ಬುಟ್ರಲ್ಲ!”

ಕುಡಿದನೇ ಎಂದು ಅವ್ವ ಕೇಳಿಯೇ ಕೇಳುತ್ತಾಳೆ. ಬಳ್ಳಿಯ ಕುಡಿ ನೋಡಿದೆ, ಕುಡಿಯಲಿಲ್ಲ, ದ್ರಾಕ್ಷಿಯೇ ಸಾಕ್ಷಿ. ಆಗತಾನೆ ಹಿಂಡಿದ ರಸ ಒಂದು ಲೋಟ, ಅಷ್ಟೆ. ಅದಕ್ಕೆ ಅಮಲಿಲ್ಲ, ನಮ್ಮ ಆಲೆಮನೆಯ ಕಬ್ಬಿನ ಹಾಲಿಗೆ ತಂಗಿಯಾಗಬೇಕು.

ಅವ್ವನ ಪಾದಕ್ಕೆ ನಮಸ್ಕಾರ. ಕರುವಿನ ಕೊರಳಡಿಯ ಗಂಗೆದೊಗಲನ್ನು ನನ್ನ ಪರವಾಗಿ ತುರಿಸು. ನಿನಗೆ ಆ ಊರಿನ ಮಂಜಿನಷ್ಟು ನೆನಪು.

ನಿನ್ನವನೇ ಆದ
ಸಿದ್ದರಾಜು

ಮರೆತ ಮಾತು: ಟಪ್ಪಾಲಿನ ಲಾರಿ ಹಾರನ್ ಹೊಡೆಯುತ್ತಿದೆ. ತೊಟ್ಟಿಯಲ್ಲಿ ನಾನು ತುಳಿದದ್ದು ಒಂದೇ ಕಾಲಿನಲ್ಲಿ. ಎಡಗಾಲನ್ನು ಮಂಡಿಯ ಕೆಳಗೆ ಮೇ ತಿಂಗಳಲ್ಲೇ ತೆಗೆದರು. ಮುಂದಿನ ತಿಂಗಳು ಹಡಗು. ಅವ್ವನಿಗೆ ನೀನೇ ಹೇಳು, ಅವಳು ಉಂಡಾದ ಮೇಲೆ. ಮದ್ದೂರು ಸ್ಟೇಷನ್ನಿನಲ್ಲಿ ರೈಲಿನ ಮೆಟ್ಟಿಲಿಗೆ ನೆಲ ಬಹಳ ತಗ್ಗು, ಇಳಿಯಲು ಒಂದು ಹೆಗಲು ಬೇಕು. ನೀನೊಬ್ಬಳೇ ಬಾ. ಅಲ್ಲಿಂದ ಮನೆಯವರೆಗೂ ಜೊತೆಯಲ್ಲೇ ನಡೆಯುತ್ತೇನೆ. ನಾನು ಹಿಂದೆ ಬಿದ್ದರೆ, ವಸಿ ನಿಂತ್ಕೋ ಮಂಗಳಾ.