ಚಟ: ಸೀರೆ, ಅವಧಿ: ಮೂವತ್ತು ವರ್ಷ

ತಾಲ್ಲೂಕು ಆಸ್ಪತ್ರೆಯ ತಂಬಾಕು ಬಿಡಿಸುವ ಕೇಂದ್ರದ ಮುಖ್ಯಾಧಿಕಾರಿಗಳೇ, ಮಾನ್ಯರೇ,

ಬೀಡಿ ಬಿಡಲೆಂದು ನಿಮ್ಮ ಕೇಂದ್ರಕ್ಕೆ ಬಂದ ನಮ್ಮ ಮೆಹತಾಬಕ್ಕನಿಗೆ ನೀವು ಸೀರೆ ಬಿಡುವ ಕಾರ್ಡು ಕೊಟ್ಟು ಕಳಿಸಿದ್ದೀರಿ. ಅದನ್ನು ತಿದ್ದಿ ಕೊಡಬೇಕು. ವಿಷಯ ಇಷ್ಟೇ. ಇಷ್ಟನ್ನು ನಿಮ್ಮ ಕಿಟಕಿಯಲ್ಲಿ ನಾಲ್ಕು ಸಲ ಹೇಳಿ ಸೋತಿದ್ದರಿಂದ ಈಗ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೇನೆ.

ನಾವಿಬ್ಬರೂ ಹುಟ್ಟಿದಾಗ ಗಂಡು ಎಂದು ಬರೆಸಿಕೊಂಡು, ಹೆಣ್ಣಾಗಿ ಬದುಕುತ್ತಿರುವವರು. ನಾನು ದಂಡೋತಿಯವಳು, ಅಕ್ಕ ಕುಂಚಾವರಂ ಕಡೆಯವಳು. ಪರಿಚಯವಾದದ್ದು ವಾಡಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ತುದಿಯಲ್ಲಿ. ನಮ್ಮಂಥವರು ಒಬ್ಬರನ್ನೊಬ್ಬರು ಗುರುತು ಹಿಡಿಯಲು ಆಗ ಒಂದೇ ಮಾತಿತ್ತು: “ಬೆಂಕಿ ಅದ ಏನ್ರಿ?” ಚಹಾದಂಗಡಿಯ ಬೆಂಚಿನಿಂದ ಎಬ್ಬಿಸುತ್ತಿದ್ದ ಜನ, ಬೀಡಿ ಸೇದುತ್ತ ನಿಂತವರನ್ನು ಮಾತ್ರ ಏನೂ ಕೇಳುತ್ತಿರಲಿಲ್ಲ. ಗಂಡಸರನ್ನು ಪ್ರೀತಿಸುವ ಗಂಡಸರೂ ಅಲ್ಲಿಗೇ ಬರುತ್ತಿದ್ದರು. ಬೀಡಿ ಮುಟ್ಟದವರೂ ಕಿಸೆಯಲ್ಲಿ ಕಡ್ಡಿಪೆಟ್ಟಿಗೆ ಇಟ್ಟುಕೊಂಡಿರುತ್ತಿದ್ದರು. ಊರು ನಮಗೆ ಕೊಟ್ಟ ಕುರ್ಚಿಯೆಂದರೆ ಆ ಬೀಡಿಯೊಂದೇ.

ಆ ಕುರ್ಚಿ ಈಗ ಅಕ್ಕನ ಎದೆಯ ಮೇಲೆ ಕೂತಿದೆ. ಬೀಡಿ ಬಿಡದಿದ್ದರೆ ಬರುವ ಚಳಿಗಾಲ ದಾಟುವುದು ಕಷ್ಟ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದಾರೆ. ಹನ್ನೊಂದು ತಿಂಗಳು ಕಾಡಿ ಬೇಡಿ ಅವಳನ್ನು ನಿಮ್ಮ ಬಾಗಿಲಿಗೆ ತಂದೆ. ನಾನೂ ಬಿಡಬೇಕೆಂಬುದು ಅವಳ ಷರತ್ತು. ನಿಮ್ಮ ಗೋಡೆಯ ಮೇಲೆ ‘ಹೆಂಡತಿ ಮಕ್ಕಳಿಗಾಗಿ ಬೀಡಿ ಬಿಡಿ’ ಎಂಬ ಚಿತ್ರವಿದೆಯಲ್ಲ, ಓದಿ ಹೇಳಿದೆ. “ಅವರಿಲ್ಲದವರು ಯಾರ ಸಲುವಾಗಿ ಬಿಡಬೇಕಂತ?” ಎಂದಳು. ಆಮೇಲೆ ತಾನೇ, “ನೀ ಅದೀಯಲ್ಲ. ನಿನ್ನ ಸಲುವಾಗಿ ಅಂತ ಬರಸು,” ಎಂದಳು.

ನಮ್ಮೂರಲ್ಲಿ ಅಜ್ಜಿ ಕಥೆ ಹೇಳುವಾಗ ಕೇಳುವವರು ‘ಹೂಂ’ ಅನ್ನಲೇಬೇಕಿತ್ತು. ಹೂಂಗುಟ್ಟಿದರೆ ತಿಳಿಯಿತು ಎಂದರ್ಥ. ನಿಮ್ಮ ಸಮಾಲೋಚಕರೂ ಅಷ್ಟು ಚಂದ ಹೂಂಗುಟ್ಟುತ್ತಿದ್ದರು. ನಾನು ಮೋಸಹೋದದ್ದೇ ಅಲ್ಲಿ.

“ಚಟ ಬಿಡಬೇಕಂತ ಬಂದೀನ್ರಿ ಸಾಹೇಬ್ರ,” ಎಂದಳು ಅಕ್ಕ. ಬೀಡಿ ಎಂದು ಹೇಳಲಿಲ್ಲ. ಬೀಡಿ ಬಿಡಿಸುವ ಕೋಣೆಯಲ್ಲಿ ಕೂತು ಯಾವ ಚಟ ಎಂದು ಬಿಡಿಸಿ ಹೇಳಬೇಕೆಂದು ಯಾರಿಗೆ ಗೊತ್ತು?

ಅವರು ಅವಳ ಸೀರೆಯನ್ನು ಅಂಚಿನಿಂದ ಸೆರಗಿನವರೆಗೆ ನೋಡಿದರು. “ಹೂಂ. ಎಷ್ಟು ವರ್ಷಾತು?”

“ಮೂವತ್ತಾತ್ರಿ.”

“ಯಾರು ಕಲಿಸಿದ್ರು?”

“ಯಾರ್ ಕಲಸ್ತಾರ್ರಿ? ಚಾಚಿ ಪೆಟಗ್ಯಾಗಿಂದು ಕದ್ದು, ಹಿತ್ತಲದಾಗ ಶುರು ಮಾಡ್ದೆ.”

“ಹೂಂ. ಮನ್ಯಾಗ ಗೊತ್ತಾದಾಗ?”

“ಅಬ್ಬಾ ಹೊಡದ್ರು. ಸಿಕ್ಕಿದ್ದೆಲ್ಲಾ ಒಲಿಗಿ ಹಾಕಿದ್ರು.”

“ನಡುವ ಬಿಟ್ಟು ನೋಡಿಲ್ಲೇನು?”

“ರಂಜಾನ್ ರೋಜಾದಾಗ ಹಗಲೆಲ್ಲ ಬಿಡ್ತೀನ್ರಿ. ಸಂಜಿ ಆತಂದ್ರ ತಡಕೊಳ್ಳಾಕ ಆಗಂಗಿಲ್ಲ.”

“ದಿನಕ್ಕ ಎಷ್ಟು ಸಲ?”

“ಇಪ್ಪತ್ತು ಸಲ ಆಗ್ತದ್ರಿ.”

ಪೆನ್ನು ನಿಂತಿತು. “ಇಪ್ಪತ್ತು ಸಲ! ಟೈಮಾದ್ರೂ ಎಲ್ಲಿ ಸಿಗ್ತದ?”

“ಒಂದಕ್ಕ ಐದ್ ಮಿನಿಟ್ ಭಾಳ ಆತ್ರಿ.”

ಮಹನೀಯರು ನಿಟ್ಟುಸಿರುಬಿಟ್ಟು ಸಲಹೆ ಕೊಟ್ಟರು: “ಒಮ್ಮಿಗೇ ಬಿಡಾಕ ಆಗಂಗಿಲ್ಲ. ಮೊದಲ ಮನ್ಯಾಗಷ್ಟೇ ಇಟ್ಕೋ. ಬಜಾರಕ್ಕ ಬರುವಾಗ ಪ್ಯಾಂಟು-ಶರ್ಟು ಹಾಕ್ಕೊಂಡು ಬಾ.”

ಅಕ್ಕ ನನ್ನ ಕಿವಿಯಲ್ಲಿ ಕೇಳಿದಳು, “ಪ್ಯಾಂಟಿಗೂ ಬೀಡಿಗೂ ಏನ್ ಸಂಬಂಧ? ಕಿಸೆ ಇರ್ತದಂತೇನ?”

ಹೊರಗೆ ಬೇವಿನ ಗಿಡದ ಕೆಳಗೆ ಕಾರ್ಡು ಓದಿದೆ. ಚಟ: ಸೀರೆ ಉಡುವುದು. ಅವಧಿ: ಮೂವತ್ತು ವರ್ಷ. ದಿನಕ್ಕೆ: ಇಪ್ಪತ್ತು ಸಲ. ಅಕ್ಕ ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ಅವಳನ್ನು ನೆಲಕ್ಕೆ ಕೂಡಿಸಿತು. ಉಸಿರು ಬಂದ ಮೇಲೆ ಅವಳು ನಗಲಿಲ್ಲ. ಬೆಳಗಿನಿಂದ ಮುಟ್ಟದಿದ್ದ ಬೀಡಿ ಹಚ್ಚಿದಳು. ನಾನು ತಡೆಯಲಿಲ್ಲ. ಏನೆಂದು ತಡೆಯಲಿ?

ತಿದ್ದಲು ಹೋದರೆ ನಿಮ್ಮ ಗುಮಾಸ್ತರು, “ರಜಿಸ್ಟರ್‌ನ್ಯಾಗ ಏರ್ಯದ್ರಿ. ಹೊಸ ಕಾರ್ಡ್ ಬೇಕಂದ್ರ ಹಳೇ ಚಟ ಮೊದಲ ಬಂದ್ ಆಗಬೇಕು,” ಎಂದರು. ಬೀಡಿಯ ಬದಲು ಜಗಿಯುವ ಗಮ್ಮಾದರೂ ಕೊಡಿ ಎಂದೆ. “ಸೀರಿಗಿ ಗಮ್ ಬರಂಗಿಲ್ರಿ.” ಎಂಥ ನಿಯಮನಿಷ್ಠೆ! ಸೀರೆಯಿಂದ ಎದೆ ಕಟ್ಟಿದವರ ಅಂಕಿ-ಅಂಶ ನಿಮ್ಮಲ್ಲಿದ್ದರೆ ದಯಮಾಡಿ ಪ್ರಕಟಿಸಿ. ಜಿಲ್ಲೆಯ ಅರ್ಧ ಜನ ಅಪಾಯದಲ್ಲಿದ್ದಾರೆ.

ಮೆಹತಾಬಕ್ಕ ಕಾನೂನು ಪಾಲಿಸುವವಳು. ನಿನ್ನೆ ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: “ಸರಕಾರಿ ಹುಕುಂ ಮೀರಬಾರದು. ಸೋಮವಾರ ಹೋಗಿ ಆ ಸಾಹೇಬ್ರ ಎದುರಿಗೇ ಸೀರಿ ಬಿಡ್ತೀನಿ. ಹಳೇ ಚಟ ಬಂದ್ ಅಂತ ಬರಕೊಳ್ಳಲಿ. ಆಮ್ಯಾಗ ಉಟ್ಕೊಂಡು, ಬೀಡೀದು ಹೊಸ ಕಾರ್ಡ್ ಮಾಡ್ಸೂನು.”

ಇದು ಬೆದರಿಕೆಯಲ್ಲ, ನಿಮ್ಮದೇ ನಿಯಮ. ಬೇಡವೆಂದರೆ ಭಾನುವಾರದೊಳಗೆ ‘ಸೀರೆ’ಯನ್ನು ಹೊಡೆದುಹಾಕಿ ‘ಬೀಡಿ’ ಎಂದು ಬರೆಯಿರಿ. ಕಾರ್ಡಿನಲ್ಲಿ ಖಾಲಿ ಬಿಟ್ಟಿರುವ ‘ಯಾರಿಗಾಗಿ’ ಎಂಬ ಸಾಲಿನಲ್ಲಿ ನನ್ನ ಹೆಸರು ಬರೆಯಿರಿ. ಬೇವಿನ ಗಿಡದ ಕೆಳಗೆ ಒಂದು ಬೆಂಚು ಹಾಕಿಸಿ. ಬೀಡಿ ಬಿಟ್ಟವರಿಗೂ ಕೂತು ಮಾತಾಡಲು ಜಾಗ ಬೇಕು, ಬೆಂಕಿ ಕೇಳದೆ. ಅಕ್ಕ ಹಚ್ಚದ ಬೀಡಿಯೊಂದನ್ನು ಕಿವಿಗೆ ಸಿಕ್ಕಿಸಿಕೊಂಡು ಕಾಯುತ್ತಿದ್ದಾಳೆ. ಚಳಿಗಾಲ ದೂರವಿಲ್ಲ.

ಇಂತಿ,
ನಿಮ್ಮ ಕಾರ್ಡಿಲ್ಲದೆಯೇ ಬೀಡಿ ಬಿಟ್ಟು ಹತ್ತೊಂಬತ್ತು ದಿನವಾದ
ಶಿವಗಂಗಾ, ವಾಡಿ
(ಕಾರ್ಡು ಮಾಡಿಸಲು ಧೈರ್ಯ ಸಾಲಲಿಲ್ಲ. ನನಗಿರುವುದು ಮೂರೇ ಸೀರೆ.)