ಹಳೆಯ ಕಣ್ಣಿನ ಹನಿ ಬೇಡ

ಅತ್ತೆ,

ಹೊಲಿಗೆ ಯಂತ್ರದ ಮೇಲಿದ್ದ ಕಣ್ಣಿನ ಹನಿಯ ಸೀಸೆಯನ್ನು ಹುಡುಕಬೇಡಿ. ನಾನು ತೆಗೆದುಕೊಂಡು ಹೋಗುತ್ತಿದ್ದೇನೆ. ನಿಮ್ಮ ಮಗ ತೀರಿಕೊಳ್ಳುವ ಮೊದಲೇ ತೆರೆದದ್ದು ಅದು. ಹಾಕಿಕೊಳ್ಳಬೇಡಿ ಎಂದು ನಿನ್ನೆ ಹೇಳಿದರೆ, "ನನ್ನ ಮಗ ಹಾಕ್ಕೊಳ್ತಿದ್ದದ್ದು, ನಂಗೇನಾಗುತ್ತೆ? ಸುಮ್ನಿರೇ" ಅಂದಿರಿ. ಔಷಧಿ ಅಂಗಡಿಯವರನ್ನು ಕೇಳಿದೆ. "ಇರೋ ಕಣ್ಣನ್ನೂ ಕಳ್ಕೋಬೇಕಂತಾ ನಿಮ್ಮತ್ತೆಗೆ?" ಎಂದು ನನ್ನನ್ನೇ ಬೈದರು.

ಅದರ ಬದಲು, ಕಣ್ಣು ಒಣಗಿ ಉರಿದಾಗ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಇಟ್ಟುಕೊಳ್ಳಿ. ಮೊದಲು ಮುಂಗೈಗೆ ತಾಗಿಸಿ ನೋಡಿ, ಸುಡಬಾರದು. ಫ್ಯಾನ್ ನಿಮ್ಮ ಮುಖಕ್ಕೆ ಬೀಸದಂತೆ ತಿರುಗಿಸಿದ್ದೇನೆ, ದಯವಿಟ್ಟು ಮುಟ್ಟಬೇಡಿ. ಹೊಲಿಯುವಾಗ ಆಗಾಗ ಕಣ್ಣು ಮಿಟುಕಿಸಿ. ಸೂಜಿ ಓಡಿಹೋಗುತ್ತದೇನೋ ಎಂಬಂತೆ ನೀವು ಅದನ್ನೇ ದುರುಗುಟ್ಟಿ ನೋಡುತ್ತೀರಿ. ನೀರು ಕುಡಿಯಿರಿ. ನೋವಾದರೆ, ಮಂಜಾದರೆ ಫೋನ್ ಮಾಡಿ, ರಜೆ ಹಾಕಿ ಬರುತ್ತೇನೆ. ಆಸ್ಪತ್ರೆಗೆ ಹೋಗೋಣ.

ಸೀಸೆಯನ್ನು ಎಸೆಯುವುದಿಲ್ಲ. ಅದು ನನ್ನಿಂದಲೂ ಆಗುವುದಿಲ್ಲ.

ಸಂಜೆ ನಾನು ಬಂದ ಮೇಲೆ ನನ್ನ ಕಣ್ಣಿಗೂ ಬಿಸಿ ಬಟ್ಟೆ ಇಡುತ್ತೀರಾ? ಮಗ ಸತ್ತರೂ ಸೊಸೆ ಅಳಲಿಲ್ಲ ಎಂದು ನೀವು ನಿಮ್ಮ ತಂಗಿಯ ಹತ್ತಿರ ಹೇಳಿದ್ದು ಕೇಳಿಸಿತು. ನಿಜ, ಅಳು ಬರುತ್ತಿಲ್ಲ. ಆದರೆ ಅಂದಿನಿಂದ ಕಣ್ಣು ಉರಿಯುತ್ತಲೇ ಇದೆ, ಅತ್ತೆ.